ಗುರುಗಳ ಮನಸ್ಸಿಗೂ ಶಿಕ್ಷಣ ಬೇಕು



ನೂರು ವರ್ಷ ತುಂಬಿದ ಧರ್ಮಕೇಂದ್ರದ ಉತ್ಸವದಲ್ಲಿ ದೇವಾಲಯ ಕಟ್ಟಿಸಿದವರನ್ನು, ಗಂಟೆ ತರಿಸಿದವರನ್ನು, ಶಾಲೆ ತೆರೆದವರನ್ನು ಸ್ಮರಿಸುವುದು ವಾಡಿಕೆ. ಆ ಪೂಜ್ಯರ ಹೆಸರುಗಳು ಶಿಲಾಫಲಕದಲ್ಲಿವೆ. ಫಲಕದಲ್ಲಿ ಕೆತ್ತಲು ಬಾರದ ಸಂಗತಿಯೊಂದನ್ನು ಇಂದು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ನಾನು ಕಂಡಂತೆ, ಜನರು ತಮ್ಮ ಹಳೆಯ ಗುರುಗಳನ್ನು ಮೂವತ್ತು ವರ್ಷಗಳ ತರುವಾಯವೂ ನೆನೆಯುವುದು ಪ್ರಬೋಧನೆಯ ಪಾಂಡಿತ್ಯಕ್ಕಾಗಿ ಅಲ್ಲ. ಮನೆಯಲ್ಲಿ ಸಾವು ಸಂಭವಿಸಿದ ರಾತ್ರಿ ಅವರು ಬಂದು ಹೇಗೆ ಕುಳಿತರು ಎಂಬುದಕ್ಕಾಗಿ. ಅಂತೆಯೇ ದೇವಾಲಯದ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ ಕುಟುಂಬಗಳನ್ನು ವಿಚಾರಿಸಿದರೆ, ಧರ್ಮತತ್ವದ ಭಿನ್ನಾಭಿಪ್ರಾಯ ಅಪರೂಪ. ಕಚೇರಿಯ ಬಾಗಿಲಲ್ಲಿ ಕೇಳಿದ ಒಂದು ಕಟುನುಡಿಯೇ ಬಹುಮಟ್ಟಿಗೆ ಕಾರಣ.

ತನ್ನೊಳಗಿನ ಭಾವನೆಯನ್ನು ಗುರುತಿಸುವುದು, ಅದನ್ನು ಹತೋಟಿಯಲ್ಲಿಡುವುದು, ಎದುರಿನವರ ಭಾವನೆಯನ್ನರಿತು ವ್ಯವಹರಿಸುವುದು, ಇವನ್ನು ಒಟ್ಟಾಗಿ ಭಾವನಾತ್ಮಕ ಬುದ್ಧಿಮತ್ತೆ ಎನ್ನುತ್ತಾರೆ. 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್ ಈ ವಿಚಾರವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. 1995ರಲ್ಲಿ ಡೇನಿಯಲ್ ಗೋಲ್ಮನ್ ಬರೆದ ಗ್ರಂಥ ಅದನ್ನು ಮನೆಮಾತಾಗಿಸಿತು. ನಮ್ಮ ಅಜ್ಜಿಯರು ಇದನ್ನೇ ‘ಮನಸ್ಸರಿತು ನಡೆಯುವುದು’ ಎನ್ನುತ್ತಿದ್ದರು. ಅವರು ಗ್ರಂಥ ಬರೆಯಲಿಲ್ಲ, ಅಷ್ಟೇ.

ನಾವು ಗುರುಮಠದಲ್ಲಿದ್ದ ಕಾಲದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು ಎಲ್ಲವನ್ನೂ ಶ್ರದ್ಧೆಯಿಂದ ಕಲಿಸಿದರು. ಕೋಪ ಬಂದರೆ ಜಪಮಾಲೆ ಹಿಡಿಯಿರಿ ಎಂದರು. ಸಲಹೆಯೇನೋ ಒಳ್ಳೆಯದೇ, ಆದರೆ ಕೋಪ ಏಕೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಭಾವನೆಯನ್ನು ಅಡಗಿಸುವುದೇ ವೈರಾಗ್ಯವೆಂಬ ನಂಬಿಕೆ ಬೇರೂರಿತ್ತು. ಯೇಸುಸ್ವಾಮಿಯಾದರೋ, ಲಾಜರನನ್ನು ಎಬ್ಬಿಸಲಿರುವೆನೆಂದು ತಿಳಿದೂ ಅವನ ಸಮಾಧಿಯ ಬಳಿ ಕಣ್ಣೀರಿಟ್ಟರು. ಗೆತ್ಸೆಮನೆ ತೋಪಿನಲ್ಲಿ, ತಮ್ಮೊಡನೆ ಎಚ್ಚರವಾಗಿರುವಂತೆ ಶಿಷ್ಯರನ್ನು ಬೇಡಿಕೊಂಡರು. ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರು 1818ರಿಂದ 1859ರವರೆಗೆ ಫ್ರಾನ್ಸಿನ ಆರ್ಸ್ ಗ್ರಾಮದಲ್ಲಿದ್ದರು. ಲ್ಯಾಟಿನ್ ಪಾಠದಲ್ಲಿ ತೀರ ಹಿಂದುಳಿದಿದ್ದ ಅವರ ಬಳಿಗೆ ಪಾಪನಿವೇದನೆಗಾಗಿ ದೂರದೂರದ ಜನ ಬಂದರು. ಅಂಥವರೇ ಬಳಲಿ, ಒಂದಕ್ಕಿಂತ ಹೆಚ್ಚು ಬಾರಿ ಆ ಊರನ್ನು ಬಿಟ್ಟು ಹೊರಟು, ಮರಳಿ ಬಂದರೆಂಬುದನ್ನು ನಾವು ಪ್ರಬೋಧನೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಯಾಜಕರ ತರಬೇತಿಯನ್ನು ಕುರಿತು ನೀಡಿದ ಪ್ರೇರಣಾಪತ್ರದಲ್ಲಿ ಮಾನವೀಯ ಬೆಳವಣಿಗೆಯೇ ಉಳಿದೆಲ್ಲ ತರಬೇತಿಗೆ ಅಡಿಪಾಯವೆಂದು ಸ್ಪಷ್ಟಪಡಿಸಿದರು. 2008ರಲ್ಲಿ ಗುರುಮಠಗಳು ಮನಶ್ಶಾಸ್ತ್ರಜ್ಞರ ನೆರವು ಪಡೆಯುವ ಬಗ್ಗೆ ರೋಮ್ ನಗರದಿಂದ ಮಾರ್ಗಸೂಚಿ ಬಂದಿತು. 2016ರ ನೂತನ ತರಬೇತಿ ನಿಯಮಾವಳಿ ಅದನ್ನು ದೃಢಪಡಿಸಿತು. ಕಾಗದದ ಮೇಲೆ ಮಾರ್ಗ ಸುಗಮವಾಗಿದೆ.

ನೆರವಿಗೂ ನಮ್ಮಲ್ಲಿ ಕೊರತೆಯಿಲ್ಲ. 1957ರಿಂದ ಬೆಂಗಳೂರಿನಲ್ಲಿ ನೆಲೆಸಿರುವ ಧರ್ಮಾರಾಮ್ ಗುರುಮಠ, 1963ರಲ್ಲಿ ಸ್ಥಾಪಿತವಾಗಿ ಈಗ ಕೋರಮಂಗಲದಲ್ಲಿರುವ ಸಂತ ಜಾನರ ವೈದ್ಯಕೀಯ ಕಾಲೇಜು, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ, ಮೂರೂ ಹೊಸೂರು ರಸ್ತೆಯ ಆಸುಪಾಸಿನಲ್ಲಿವೆ. ಆದರೂ ಗುರುವೊಬ್ಬರು ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಹೋದರೆ ಪ್ರಾರ್ಥಿಸುವ ನಾವು, ನಿದ್ರೆ ಬಾರದೆ ಮನೋವೈದ್ಯರ ಬಳಿ ಹೋದರೆ ಪಿಸುಗುಟ್ಟುತ್ತೇವೆ. ಆ ಪಿಸುಮಾತಿಗೆ ಅಂಜಿ ಬೇನೆಯನ್ನು ಬಚ್ಚಿಟ್ಟವರನ್ನು ನಾನು ಬಲ್ಲೆ. ಬಚ್ಚಿಟ್ಟ ಬೇನೆ ಉಪದೇಶಿಯ ಮೇಲೆ, ಅಡುಗೆಯವರ ಮೇಲೆ, ಪೂಜೆಗೆ ತಡವಾಗಿ ಬಂದ ಬಾಲಕನ ಮೇಲೆ ಸಿಟ್ಟಾಗಿ ಹೊರಬೀಳುತ್ತದೆ.

ಈ ದಕ್ಷಿಣ ಬೆಂಗಳೂರಿನ ಸೇವೆ ಸುಲಭದ್ದಲ್ಲ. ಜಯನಗರ, ಬನಶಂಕರಿಗಳ ಮನೆಗಳಲ್ಲಿ ಮಕ್ಕಳನ್ನು ವಿದೇಶಕ್ಕೆ ಕಳುಹಿಸಿದ ವೃದ್ಧ ದಂಪತಿಗಳು ದೂರವಾಣಿಯ ಪಕ್ಕದಲ್ಲಿ ಕುಳಿತಿರುತ್ತಾರೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೊಠಡಿಗಳಲ್ಲಿ ಊರು ಬಿಟ್ಟು ಬಂದ ಯುವಕ ಯುವತಿಯರಿದ್ದಾರೆ. ಇವರ ನಡುವೆ ಭಾಷೆಯ ಪ್ರಶ್ನೆ ಬೇರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗಳಿಗೆ ಪೂಜೆಯ ಬಾಗಿಲು ತೆರೆಯಿತು; ನಮ್ಮ ನಗರದಲ್ಲಿ ಆ ಬಾಗಿಲಿಂದ ಕನ್ನಡ, ತಮಿಳು, ಮಲಯಾಳ, ಕೊಂಕಣಿ, ಇಂಗ್ಲಿಷ್ ಎಲ್ಲವೂ ಒಳಬಂದವು. ಪೂಜೆಯ ವೇಳಾಪಟ್ಟಿ ಬದಲಾಯಿತೆಂದು ಹಿರಿಯರೊಬ್ಬರು ಧ್ವನಿಯೇರಿಸಿದಾಗ ಗುರುಗಳು ಗಡಿಯಾರವನ್ನು ಮಾತ್ರ ನೋಡಿದರೆ ಜಗಳ ತೀರದು. ಆ ಹಿರಿಯರು ಕೇಳುತ್ತಿರುವುದು ಏಳು ಗಂಟೆಯನ್ನಲ್ಲ. ತನ್ನ ನೆಲದ ದೇವಾಲಯದಲ್ಲಿ ತನಗಿನ್ನೂ ಸ್ಥಳವಿದೆಯೇ ಎಂದು. ವಲಸೆ ಬಂದವರ ಅಂಜಿಕೆಯೂ ಅದೇ. ಈ ಎರಡು ಅಂಜಿಕೆಗಳನ್ನೂ ಕೇಳಿಸಿಕೊಳ್ಳಬೇಕಾದ ಗುರುವು ಮೊದಲು ತನ್ನ ಭಾಷಾಭಿಮಾನವನ್ನೂ, ಟೀಕೆ ಕೇಳಿದೊಡನೆ ತನ್ನೊಳಗೆ ಏಳುವ ಅಹಂಭಾವವನ್ನೂ ಗುರುತಿಸಬಲ್ಲವನಾಗಿರಬೇಕು.

ತಮ್ಮಲ್ಲಿ ಒಂದು ವಿಜ್ಞಾಪನೆ. ವರ್ಗಾವಣೆಯಲ್ಲಿ ಕಿರಿಯ ಗುರುಗಳು ಬಂದಾಗ ಹಿಂದಿನವರೊಡನೆ ಹೋಲಿಸದೆ ಒಂದು ವರ್ಷ ಕಾಲಾವಕಾಶ ಕೊಡಿ. ಅವರ ಮಾತು ನೋಯಿಸಿದರೆ ಮಹಾಧರ್ಮಾಧ್ಯಕ್ಷರಿಗೆ ಅರ್ಜಿ ಬರೆಯುವ ಮುನ್ನ ಅವರನ್ನೇ ಕಂಡು ಹೇಳಿ. ಭಾನುವಾರ ಮೂರು ಪೂಜೆಗಳ ಬಳಿಕ ಗುರುಗಳ ನಿವಾಸ ಬಹಳ ನಿಶ್ಶಬ್ದವಾಗಿರುತ್ತದೆ. ಆ ಸಂಜೆ ಯಾವ ಅರ್ಜಿಯನ್ನೂ ತಾರದೆ, ಮಕ್ಕಳೊಡನೆ ಸುಮ್ಮನೆ ಬಂದು ಕಾಫಿ ಕುಡಿದು ಹೋಗುವವರಿಗೆ ಬಾಗಿಲು ತೆರೆದಿರುತ್ತದೆ.