ಮನೆಗೆ ಅರ್ಜಿ ಹಾಕುವ ಮುನ್ನ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಪೋಷಕರನ್ನುದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಮನೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಶಾಲೆಯ ದಾಖಲಾತಿ ಪುಸ್ತಕ ನೋಡಿಕೊಳ್ಳುವ ಅಧ್ಯಾಪಕರಿಗೆ ಇದರ ಉತ್ತರ ಗೊತ್ತಿದೆ. ವರ್ಷದ ನಡುವೆ ವರ್ಗಾವಣೆ ಪತ್ರ ಕೇಳಲು ಬರುವ ತಾಯಂದಿರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಮನೆ ಖಾಲಿ ಮಾಡ್ಬೇಕಂತೆ ಸಾರ್." ಬೆಂಗಳೂರಿನಲ್ಲಿ 8,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಮುಂಗಡವೆಂದರೆ 80,000 ರೂಪಾಯಿ. ಅದನ್ನು ಹೊಂದಿಸಲು ಸಾಲ ಮಾಡಬೇಕು. ಸಾಲ ತೀರಿಸಲು ದೊಡ್ಡ ಮಗ ಕಾಲೇಜು ಬಿಟ್ಟು ಗ್ಯಾರೇಜು ಸೇರುತ್ತಾನೆ. ಮನೆ ದೂರವಾಯಿತೆಂದು ಮಗಳ ಓದು ಎಂಟನೇ ತರಗತಿಗೇ ನಿಲ್ಲುತ್ತದೆ.

ಮೊದಲು ಬಾಡಿಗೆಯ ಮಾತು. ಅಮೆರಿಕದಲ್ಲಿ 1974ರಿಂದ ನಡೆದು ಬಂದ ಒಂದು ಯೋಜನೆಯಲ್ಲಿ ಬಡ ಕುಟುಂಬವು ಸಾಮಾನ್ಯವಾಗಿ ತನ್ನ ಆದಾಯದ ಶೇಕಡಾ 30ರಷ್ಟನ್ನು ಬಾಡಿಗೆಗೆ ಕೊಟ್ಟರೆ, ಉಳಿದ ಪಾಲನ್ನು ಸರಕಾರ ಮನೆ ಮಾಲೀಕನಿಗೆ ಕೊಡುತ್ತದೆ. ಅಲ್ಲಿರುವ ಸಂಬಂಧಿಕರಿಂದ ಇದನ್ನು ಕೇಳಿದವರು ಇಲ್ಲಿಯೂ ಹಾಗೇ ಇದೆಯೆಂದು ಭಾವಿಸುವುದುಂಟು. ಬಾಡಿಗೆ ಸಹಾಯಧನ ಕೊಡಿಸುತ್ತೇನೆಂದು ಹೇಳಿ 2,000, 3,000 ರೂಪಾಯಿ ಪಡೆದು ಮಾಯವಾಗುವ ದಲ್ಲಾಳಿಗಳಿಗೆ ಇದೇ ಬಂಡವಾಳ. ಪ್ರತಿ ತಿಂಗಳು ಕುಟುಂಬದ ಬಾಡಿಗೆ ಕಟ್ಟುವ ಅಂಥ ಯೋಜನೆ ನಮ್ಮಲ್ಲಿಲ್ಲ. ಇರುವುದು ಬೇರೆ ಬಗೆಯ ನೆರವು. ಹಾಸ್ಟೆಲಿನಲ್ಲಿ ಸ್ಥಾನ ಸಿಗದ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ಊಟ-ವಸತಿಯ ಖರ್ಚಿಗೆಂದು ವಿದ್ಯಾಸಿರಿ ಯೋಜನೆ ಬಂತು. 2013-14ರಲ್ಲಿ ಆರಂಭವಾದಾಗ ಅದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಸಿಗುತ್ತಿತ್ತು. ಯಾವ ವರ್ಗಕ್ಕೆ ಎಷ್ಟು ಎಂಬುದನ್ನು ಕಾಲೇಜಿನ ಕಛೇರಿಯಲ್ಲಿ ಪ್ರತಿ ವರ್ಷ ವಿಚಾರಿಸಬೇಕು.

ಇನ್ನು ಮನೆಯ ವಿಷಯಕ್ಕೆ ಬರೋಣ. ನಗರದ ಬಡವರಿಗೆ ಇಂದು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ), ರಾಜೀವ್ ಗಾಂಧಿ ವಸತಿ ನಿಗಮ, ಮತ್ತು ಘೋಷಿತ ಕೊಳಚೆ ಪ್ರದೇಶಗಳಲ್ಲಿರುವವರಿಗೆ ಕೊಳಚೆ ಪ್ರದೇಶ ಅಭಿವೃದ್ಧಿ ಮಂಡಳಿ. ಬೆಂಗಳೂರಿನ ಮಟ್ಟಿಗೆ ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ವಸತಿ ಯೋಜನೆಯನ್ನು ನಡೆಸುವುದು ರಾಜೀವ್ ಗಾಂಧಿ ವಸತಿ ನಿಗಮವೇ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ವಾರ್ಡು ಯಾವುದರಲ್ಲಿದೆ ಎಂದು ತಿಳಿದುಕೊಂಡೇ ಹೊರಡಿ. ಇಲ್ಲವಾದರೆ ಅರ್ಧ ದಿನದ ಕೂಲಿ ತಪ್ಪುವುದು ಖಂಡಿತ.

2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ವಾರ್ಷಿಕ ಆದಾಯ 3 ಲಕ್ಷದವರೆಗಿನ ಕುಟುಂಬಗಳು ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯದ ವರ್ಗ, 9 ಲಕ್ಷದವರೆಗೆ ಮಧ್ಯಮ ವರ್ಗ. ನಿಮ್ಮದೇ ನಿವೇಶನವಿದ್ದರೆ ಕಟ್ಟಿಕೊಳ್ಳಲು ನೆರವು, ಇಲ್ಲದಿದ್ದರೆ ಸಮುಚ್ಚಯದಲ್ಲಿ ಫ್ಲಾಟ್, ಬ್ಯಾಂಕ್ ಸಾಲ ಪಡೆದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಎಂಬ ದಾರಿಗಳಿವೆ. ವಲಸಿಗರು, ಕಾರ್ಮಿಕರು, ಕೆಲಸಕ್ಕೆ ಹೋಗುವ ಮಹಿಳೆಯರಿಗೆ ಬಾಡಿಗೆ ಮನೆಗಳ ಸಮುಚ್ಚಯ ಕಟ್ಟುವ ಭಾಗವೂ ಇದರಲ್ಲಿದೆ. ಬಡ್ಡಿ ರಿಯಾಯಿತಿ ಗರಿಷ್ಠ 1.80 ಲಕ್ಷ ರೂಪಾಯಿ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಆದರೆ ಖಾಸಗಿ ಬಡಾವಣೆಯ ಬೆಲೆ ಕೇಳಿದ ಬಡವನಿಗೆ ಇದು ಅಷ್ಟಾಗಿ ಎಟುಕದು. ಫ್ಲಾಟಿನ ದಾರಿಯೇ ನಮ್ಮವರಿಗೆ ಹೆಚ್ಚು ಹತ್ತಿರ.

ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಇವರಲ್ಲಿ ಯಾರ ಹೆಸರಿನಲ್ಲೂ ಭಾರತದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಕೂಡದು. ಊರಿನಲ್ಲಿ ತಂದೆಯ ಹೆಸರಿನಲ್ಲಿರುವ ಮನೆ ಮದುವೆಯಾದ ಮಗನ ಮನೆಯಾಗುವುದಿಲ್ಲ. ಭಾಗವಾಗಿ ನಿಮ್ಮ ಹೆಸರಿಗೆ ಖಾತೆಯಾಗಿದ್ದರೆ ಮಾತ್ರ ಮುಚ್ಚಿಡಬೇಡಿ. ಕಳೆದ 20 ವರ್ಷಗಳಲ್ಲಿ ಸರಕಾರದ ಯಾವುದಾದರೂ ವಸತಿ ಯೋಜನೆಯ ಲಾಭ ಪಡೆದವರಿಗೂ ಅವಕಾಶವಿಲ್ಲ. ವಿಧವೆಯರು, ಒಂಟಿ ಮಹಿಳೆಯರು, ಅಂಗವಿಕಲರು, ಹಿರಿಯ ನಾಗರಿಕರು ಮತ್ತು ಅಲ್ಪಸಂಖ್ಯಾತರಿಗೆ ಆದ್ಯತೆಯಿದೆ. ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು, ಕುಶಲಕರ್ಮಿಗಳ ಬಗ್ಗೆಯೂ ವಿಶೇಷ ಗಮನ ಕೊಡಬೇಕೆಂದಿದೆ. ತಳ್ಳುಗಾಡಿಯವರ ಗುರುತಿನ ಚೀಟಿ, ಕಟ್ಟಡ ಕಾರ್ಮಿಕರ ಕಾರ್ಡು ಪೆಟ್ಟಿಗೆಯ ತಳದಲ್ಲಿದ್ದರೆ ಈಗಲೇ ಹೊರತೆಗೆಯಿರಿ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇಕಡಾ 10ರಿಂದ 15ಕ್ಕೆ ಏರಿಸುವ ತೀರ್ಮಾನ ಕೈಗೊಂಡಿತು. ಪತ್ರಿಕೆಗಳಲ್ಲಿ ಅದರ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. ಅಲ್ಪಸಂಖ್ಯಾತರೆಂದರೆ ನಾವಷ್ಟೇ ಅಲ್ಲ, ಕ್ರೈಸ್ತರು, ಜೈನರು, ಬೌದ್ಧರು, ಸಿಖ್ಖರು, ಪಾರ್ಸಿಗಳೂ ಸೇರುತ್ತಾರೆ. ಅದಿರಲಿ, ಪಾಲು ಎಷ್ಟೇ ಇರಲಿ, ಸರಿಯಾದ ಅರ್ಜಿಗಳು ಬಾರದಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ. ಈ ದಿನ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮವರ ಅರ್ಜಿಗಳು ಎಡವುವುದು ಹೆಸರಿನಲ್ಲಿ. ಒಬ್ಬನೇ ವ್ಯಕ್ತಿ ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಮಹಮ್ಮದ್, ಮತದಾರರ ಪಟ್ಟಿಯಲ್ಲಿ ಬರೇ ಎಂ.ಡಿ. ಹೆಂಗಸರ ವಿಷಯದಲ್ಲಂತೂ ಹೇಳುವುದೇ ಬೇಡ. ಒಂದು ಕಡೆ ಬಿ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಬೇಗಂ. ಒಂದು ಚೀಟಿಯಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಮನೆಯಲ್ಲಿ ನಾವೆಲ್ಲ ಒಬ್ಬರೇ ಎಂದು ಬಲ್ಲೆವು, ಕಂಪ್ಯೂಟರು ಬಲ್ಲದೇ? ಅದು ಮೂವರು ಎನ್ನುತ್ತದೆ. ಈ ಯೋಜನೆಯಲ್ಲಿ ಮನೆಯನ್ನು ಮನೆಯೊಡತಿಯ ಹೆಸರಿಗೆ ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಿಗೆ ಕೊಡುವುದರಿಂದ, ತಾಯಂದಿರ ದಾಖಲೆಗಳೇ ಮೊದಲು ಸರಿಯಾಗಬೇಕು. ಗಂಡಸರ ದಾಖಲೆಗಳನ್ನಾದರೂ ಕೆಲಸಕ್ಕೆಂದು ತಿದ್ದಿಸಿರುತ್ತಾರೆ, ಹೆಂಗಸರದ್ದನ್ನು ಯಾರೂ ನೋಡಿರುವುದಿಲ್ಲ. ಶಾಲೆಗೆ ಹೋದವರಾದರೆ ಶಾಲಾ ದಾಖಲೆಯ ಹೆಸರನ್ನು ಆಧಾರವಾಗಿಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಕೇಂದ್ರದ ಹುಡುಗ ಬೆರಳಚ್ಚು ಮಾಡಿದ್ದನ್ನು ಅಕ್ಷರ ಅಕ್ಷರವಾಗಿ ಓದದೆ ಒಪ್ಪಿಗೆ ಕೊಡಬೇಡಿ. ಓದು ಬಾರದ ತಾಯಿಯ ಜೊತೆ ಮಗನೋ ಮಗಳೋ ಹೋಗಲಿ. ಹತ್ತನೇ ತರಗತಿಯ ಹುಡುಗಿ ಇದನ್ನು ಚೆನ್ನಾಗಿ ಮಾಡಬಲ್ಲಳು.

ಎರಡನೆಯದು ವಿಳಾಸ. ಬಾಡಿಗೆಯವರಿಗೆ ಕರಾರು ಪತ್ರವೇ ವಿಳಾಸದ ದಾಖಲೆ. ಎಷ್ಟೋ ಮಾಲೀಕರು ಕರಾರು ಪತ್ರ ಮಾಡಿಕೊಡಲು ಹಿಂಜರಿಯುತ್ತಾರೆ. ಮನೆ ಹಿಡಿಯುವ ದಿನವೇ, ಮುಂಗಡ ಕೊಡುವ ಮುನ್ನವೇ ಕೇಳಿರಿ. ಕೊಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಭೋಗ್ಯಕ್ಕೆ ಮನೆ ಹಿಡಿಯುವವರು ಇನ್ನೂ ಎಚ್ಚರದಿಂದಿರಬೇಕು. ನಾಲ್ಕೈದು ಲಕ್ಷ ರೂಪಾಯಿಯನ್ನು ಒಂದು ಹಾಳೆಯ ಮೇಲಿನ ಸಹಿಯನ್ನು ನಂಬಿ ಕೊಡುತ್ತೇವೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ ಪತ್ರ ನೋಂದಣಿಯಾಗಬೇಕೆಂಬುದು ಕಾನೂನು. ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿರಿ. ಮನೆ ಬದಲಾಗಿ ಶಾಲೆ ಬದಲಿಸಬೇಕಾಗಿ ಬಂದರೂ ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಎಂಟನೇ ತರಗತಿಯವರೆಗಿನ ಮಗುವಿಗೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಮೂರನೆಯದು ಆದಾಯ ಪ್ರಮಾಣ ಪತ್ರ. ನಾಡಕಛೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಮಗನ ವಿದ್ಯಾರ್ಥಿ ವೇತನಕ್ಕೆ ಒಂದು ಆದಾಯ, ಮನೆಗೆ ಇನ್ನೊಂದು ಆದಾಯ ತೋರಿಸಬೇಡಿ. ಎಲ್ಲವೂ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಕಾಲವಿದು.

ಫ್ಲಾಟು ಮಂಜೂರಾದ ಮೇಲೆಯೂ ಫಲಾನುಭವಿಯ ವಂತಿಗೆ ಎಂಬುದೊಂದಿದೆ. ಕೊಳಚೆ ಮಂಡಳಿಯ ಮನೆಗಳಿಗೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ವಂತಿಗೆ ಕಟ್ಟಲಾರದೆ ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಕಾದವು. ಫಲಾನುಭವಿ 1 ಲಕ್ಷ ಕೊಟ್ಟರೆ ಸಾಕು, ಉಳಿದುದನ್ನು ತಾನು ಭರಿಸುವುದಾಗಿ ರಾಜ್ಯ ಸರಕಾರ 2023ರ ಕೊನೆಯಲ್ಲಿ ತೀರ್ಮಾನಿಸಿತು. ಅನಂತರವೇ 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಂಚಲು ಸಾಧ್ಯವಾದುದು. ನೀವು ಅರ್ಜಿ ಹಾಕುವ ಯೋಜನೆಯಲ್ಲಿ ನಿಮ್ಮ ಪಾಲು ಎಷ್ಟು ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಯಾರ ಕೈಗೂ ನಗದು ಕೊಡಬೇಡಿ, ಅವರು ನಿಮ್ಮ ಮೊಹಲ್ಲಾದವರೇ ಆಗಿದ್ದರೂ ಸರಿ. ಅರ್ಜಿ ಏನಾಯಿತೆಂದು ತಿಳಿಯದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಿರಿ. 30 ದಿನಗಳಲ್ಲಿ ಉತ್ತರ ಕೊಡಬೇಕಾದುದು ಅವರ ಕರ್ತವ್ಯ. ದಲ್ಲಾಳಿ ಕೇಳುವ ಮೊತ್ತದೊಂದಿಗೆ ಇದನ್ನು ಹೋಲಿಸಿ ನೋಡಿ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಾಲೇಜು ವಿದ್ಯಾರ್ಥಿಗಳು ಇದೇ ಸಭಾಂಗಣದಲ್ಲಿ ಕುಳಿತು ಪ್ರತಿ ಮನೆಯ ಕಾಗದಪತ್ರಗಳನ್ನು ಒಂದೊಂದಾಗಿ ಹೋಲಿಸಿ ನೋಡಲಿದ್ದಾರೆ. ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ, ಬ್ಯಾಂಕ್ ಪುಸ್ತಕ, ಬಾಡಿಗೆ ಕರಾರು, ಇವುಗಳ ನೆರಳಚ್ಚು ಪ್ರತಿ ತನ್ನಿ. ಮೂಲ ಪ್ರತಿಗಳನ್ನು ತೋರಿಸಿ ವಾಪಸು ಕೊಂಡುಹೋಗಿ, ಇಲ್ಲಿ ಯಾರಿಗೂ ಒಪ್ಪಿಸುವ ಅಗತ್ಯವಿಲ್ಲ. ತಾಯಂದಿರು ತಪ್ಪದೆ ಬರಬೇಕು.