ಡಿಸ್ಕ್ ತುಂಬಿದಾಗ ಆರ್‌ಎಂ ಕೊಡೋಕೆ ಮುಂಚೆ

ಇವತ್ತು ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ಆಗ ನಾನು ಡೊಂಬಿವಲಿಯಲ್ಲಿದ್ದೆ, ಆಫೀಸು ಐರೋಲಿಯಲ್ಲಿ. ಜುಲೈ ತಿಂಗಳು, ಮಳೆಗೆ ಲೋಕಲ್ ನಿಂತು ಮನೆ ಸೇರಿದ್ದೇ ಹನ್ನೊಂದಕ್ಕೆ. ರಾತ್ರಿ ಒಂದೂವರೆಗೆ ಫೋನ್ ಬಂತು: ಯಾರಿಗೂ ಲಾಗಿನ್ ಆಗ್ತಿಲ್ಲ, ಕೆಲವರ ದುಡ್ಡು ಕಟ್ ಆಗಿದೆ, ಆರ್ಡರ್ ಬಂದಿಲ್ಲ. ಸರ್ವರ್‌ಗೆ ಹೋಗಿ ಡಿಎಫ್ ಕೊಟ್ಟೆ. ಡಿಸ್ಕ್ 100% ತುಂಬಿದೆ. ಟಾಮ್‌ಕ್ಯಾಟ್‌ನ ಕ್ಯಾಟಲೀನಾ ಡಾಟ್ ಔಟ್ ಫೈಲ್ ಒಂದೇ 62 ಜಿಬಿ!

ನಿದ್ದೆಗಣ್ಣು. ಆರ್‌ಎಂ ಅಂತ ಹೊಡೆದುಬಿಟ್ಟೆ. ಮತ್ತೆ ಡಿಎಫ್ ನೋಡಿದ್ರೆ ಅದೇ 100%.

ಯಾಕೆ? ಬಾಗಿಲ ಮೇಲಿನ ಹೆಸರಿನ ಬೋರ್ಡು ಕಿತ್ತ ಮಾತ್ರಕ್ಕೆ ಬಾಡಿಗೆಯವನು ಮನೆ ಖಾಲಿ ಮಾಡ್ತಾನಾ? ಲಿನಕ್ಸ್‌ನಲ್ಲಿ ಆರ್‌ಎಂ ತೆಗೆಯೋದು ಹೆಸರನ್ನ ಮಾತ್ರ. ಟಾಮ್‌ಕ್ಯಾಟ್ ಆ ಫೈಲನ್ನ ತೆರೆದುಕೊಂಡೇ ಕೂತಿರುತ್ತೆ, ಅದು ಬಿಡೋ ತನಕ ಜಾಗ ವಾಪಸ್ ಸಿಗಲ್ಲ. ಡಿಯು ಕಡಿಮೆ ತೋರಿಸಿ ಡಿಎಫ್ ತುಂಬಿದೆ ಅಂದ್ರೆ ಮೊದಲು ಇದನ್ನೇ ಅನುಮಾನಿಸಿ. ಎಲ್‌ಎಸ್‌ಓಎಫ್ ಕೊಟ್ಟರೆ 'ಡಿಲೀಟೆಡ್' ಅಂತ ಕಾಣುತ್ತೆ.

ನಾನು ರೀಸ್ಟಾರ್ಟ್ ಮಾಡಿದೆ. ಜಾಗ ಬಂತು, ಸೈಟ್ ಎದ್ದಿತು, ಗ್ರೂಪಿನಲ್ಲಿ ನಾಲ್ಕು ಥಂಬ್ಸ್ ಅಪ್ ಕೂಡ ಬಂತು. ಸೋಮವಾರ ಮ್ಯಾನೇಜರ್ ಕೇಳಿದ್ರು, "ಯಾರ ಯಾರ ದುಡ್ಡು ಎಲ್ಲಿ ನಿಂತಿದೆ?" ಉತ್ತರ ಇದ್ದದ್ದು ಆ 62 ಜಿಬಿಯೊಳಗೆ. ಗೇಟ್‌ವೇಯವರ ಪಟ್ಟಿಯನ್ನೂ ನಮ್ಮ ಡೇಟಾಬೇಸನ್ನೂ ಎದುರುಬದುರು ಇಟ್ಟುಕೊಂಡು ಮೂರು ದಿನ ಕೈಯಲ್ಲೇ ತಾಳೆ ಹಾಕಿದ್ವಿ. ಆಮೇಲೆ ಗೊತ್ತಾಯ್ತು: ರೀಸ್ಟಾರ್ಟ್ ಮಾಡೋ ತನಕ ಆ ಫೈಲ್ ಬದುಕೇ ಇತ್ತು! ಪ್ರಾಕ್ ಫೋಲ್ಡರಿನಲ್ಲಿ, ಆ ಪ್ರೊಸೆಸ್‌ನ ಎಫ್‌ಡಿ ಒಳಗಿಂದ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ಕೋಬಹುದಿತ್ತು. ಎಂಟೆಕ್ ಮಾಡಿದವನಿಗೆ ಅಷ್ಟು ಹೊಳೀಲಿಲ್ಲ ನೋಡಿ.

ಈಗ ನಾನು ಮಾಡೋದು ಹೀಗೆ. ಕೊನೆಯ ಕೆಲವು ಲಕ್ಷ ಸಾಲುಗಳನ್ನ ಟೇಲ್ ಮಾಡಿ, ಜಿಜಿಪ್ ಹಾಕಿ, ಬೇರೆ ಮಷಿನ್ನಿಗೆ ಕಳಿಸ್ತೀನಿ. ಆಮೇಲೆ ಟ್ರಂಕೇಟ್ ಕೊಟ್ಟು ಫೈಲನ್ನ ಸೊನ್ನೆಗೆ ಇಳಿಸ್ತೀನಿ. ಹೆಸರು ಉಳಿಯುತ್ತೆ, ಜಾಗ ಆಗಲೇ ಸಿಗುತ್ತೆ, ರೀಸ್ಟಾರ್ಟ್ ಬೇಡ.

ಲಾಗ್‌ರೊಟೇಟ್ ಹಾಕಿದ್ರೆ ಮುಗೀತು ಅಂತೀರಾ? ಅದು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ ಓಡುತ್ತೆ. ನೀವು ಸೈಜ್ 500 ಎಂಬಿ ಅಂತ ಬರೆದಿದ್ರೂ, ಮಧ್ಯಾಹ್ನ ಯಾರೋ ಡೀಬಗ್ ಆನ್ ಮಾಡಿ ಮರೆತರೆ ಸಂಜೆಯೊಳಗೆ ಡಿಸ್ಕ್ ತುಂಬಿರುತ್ತೆ. ಹಾಗಾಗಿ ಗಂಟೆಗೊಮ್ಮೆ ಓಡಿಸಿ. ಕ್ಯಾಟಲೀನಾ ಡಾಟ್ ಔಟ್‌ಗೆ ಕಾಪಿಟ್ರಂಕೇಟ್ ಬಳಸ್ತೀವಿ; ಅದು ಮೊದಲು ಪ್ರತಿ ಮಾಡಿ ಆಮೇಲೆ ಖಾಲಿ ಮಾಡುತ್ತೆ. ಆ ಎರಡರ ನಡುವೆ ಬಂದ ಸಾಲುಗಳು ಹೋಗಬಹುದು. ಪ್ರತಿ ಮಾಡೋಕೂ ಜಾಗ ಬೇಕು, ಡಿಸ್ಕ್ ತುಂಬಿದ ಮೇಲೆ ಅದರಿಂದ ಉಪಯೋಗ ಇಲ್ಲ.

ಇನ್ನೊಂದು ವಿಷಯ, ಇದನ್ನ ತುಂಬ ಜನ ನೋಡಿರಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು. ಈಚಿನ ಟಾಮ್‌ಕ್ಯಾಟ್ ಜೊತೆ ಬರೋ ಲಾಗಿಂಗ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಮ್ಯಾಕ್ಸ್‌ಡೇಸ್ ಎಷ್ಟು? 90. ಅಂದ್ರೆ ನೀವು ಏನೂ ಮಾಡದಿದ್ರೂ ತಾರೀಖಿನ ಫೈಲುಗಳು ಮೂರು ತಿಂಗಳಿಗೆ ತಾವಾಗೇ ಅಳಿಸಿಹೋಗ್ತವೆ. ಅದೇ ಫೈಲಿನಲ್ಲಿ ಕನ್ಸೋಲ್ ಹ್ಯಾಂಡ್ಲರ್ ಕೂಡ ಇರುತ್ತೆ. ಅದರಿಂದ ಒಂದೇ ಸಾಲು ಕ್ಯಾಟಲೀನಾ ಡಾಟ್ ಔಟ್‌ನಲ್ಲಿ ಇನ್ನೊಮ್ಮೆ ಬೀಳುತ್ತೆ. ಪ್ರೊಡಕ್ಷನ್ನಿನಲ್ಲಿ ನಾನು ಅದನ್ನ ತೆಗೆದೇಬಿಡ್ತೀನಿ.

ನಾಳೆ ಆಫೀಸಿಗೆ ಹೋದಾಗ ಆ ಒಂದು ಫೈಲ್ ತೆರೆದು ನೋಡಿ. ಲಾಗ್‌ಗಳನ್ನ ಬೇರೆ ಮಷಿನ್ನಿಗೆ ಕಳಿಸೋ ಬಗೆ ಮುಂದಿನ ವಿಡಿಯೋದಲ್ಲಿ.