ಚಿತ್ರಪಟದಲ್ಲಿ ಮನುಷ್ಯನ ಬಾಳು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಹಿರಿಯ ಕಿರಿಯ ವಿದ್ಯಾರ್ಥಿಗಳ ಬಾಳಿನ ವೃತ್ತಾಂತವನ್ನು ಅವರ ಬಾಯಿಂದಲೇ ಹೇಳಿಸಿ ಚಿತ್ರಿಸಿಡಬೇಕೆಂದು ಮಹೋತ್ಸವ ಸಮಿತಿಯವರು ಸಂಕಲ್ಪಿಸಿರುವರು. ಅವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ. ಅದಕ್ಕೆ ಕೈಯಿಕ್ಕುವ ಮುನ್ನ, ಇಂಥದೇ ಕಾರ್ಯವನ್ನು 55 ವರ್ಷಗಳ ವರೆಗೆ ಬಿಡದೆ ನಡೆಸಿದ ಇಂಗ್ಲೆಂಡ ದೇಶದ ಚಿತ್ರಮಾಲೆಯೊಂದರ ಸಂಗತಿಯನ್ನು ತಮ್ಮ ಮುಂದಿಡಲು ಬಯಸುವೆನು. ಅದರಿಂದ ನಾನು ಕಲಿತದ್ದು ಇಷ್ಟೆ: ಒಬ್ಬನ ಬಾಳನ್ನು ಕುರಿತು ಕೇಳುವದು ಸುಲಭ, ಒಂದು ದಿನ ಕೇಳಿದ ಮಾತಿನಿಂದ ಅವನನ್ನು ಅಳೆದುಬಿಡದೆ ಇರುವದು ಕಠಿಣ.

1964ನೆಯ ಇಸವಿಯಲ್ಲಿ ಗ್ರಾನಾಡಾ ಎಂಬ ದೂರದರ್ಶನ ಸಂಸ್ಥೆಯವರು ಏಳು ವರ್ಷ ವಯಸ್ಸಿನ 14 ಮಕ್ಕಳನ್ನು ಆರಿಸಿ, ಅವರೊಡನೆ ಆಡಿದ ಮಾತುಗಳನ್ನು 'ಸೆವೆನ್ ಅಪ್' ಎಂಬ ಚಿತ್ರದಲ್ಲಿ ತೋರಿಸಿದರು. ಸಿರಿವಂತರ ಶಾಲೆಯ ಬಾಲಕರು, ಲಂಡನ್ನಿನ ಪೂರ್ವಭಾಗದ ದುಡಿಮೆಗಾರರ ಮಕ್ಕಳು, ಆಶ್ರಯಧಾಮದಲ್ಲಿ ಬೆಳೆಯುತ್ತಿದ್ದ ಇಬ್ಬರು ಹುಡುಗರು, ಯಾರ್ಕ್‌ಶೈರ್ ಸೀಮೆಯ ಒಬ್ಬ ರೈತನ ಮಗ, ಇವರೇ ಮೊದಲಾದವರು ಅದರಲ್ಲಿದ್ದರು. ಹುಟ್ಟಿದ ವರ್ಗವೇ ಮಗುವಿನ ಹಣೆಬರಹವನ್ನು ಬರೆದಿಡುವದೆಂದು ತೋರಿಸುವದೇ ಚಿತ್ರದ ಉದ್ದೇಶವಾಗಿತ್ತು. ಒಂದೇ ಸಲಕ್ಕೆಂದು ತೊಡಗಿದ ಆ ಕೆಲಸವನ್ನು, ಮಕ್ಕಳನ್ನು ಹುಡುಕುವದರಲ್ಲಿ ನೆರವಾಗಿದ್ದ ಮೈಕಲ್ ಆಪ್ಟೆಡ್ ಎಂಬ ತರುಣರು 1970ರಿಂದ ತಾವೇ ಮುಂದುವರಿಸಿದರು. ಏಳು ವರ್ಷಕ್ಕೊಮ್ಮೆ ಅವರು ಅದೇ ಜನರ ಮುಂದೆ ಕುಳಿತು ವಿದ್ಯೆ, ಉದ್ಯೋಗ, ವಿವಾಹ, ಮಕ್ಕಳು, ತಂದೆತಾಯಿಗಳ ಮರಣ ಇವುಗಳನ್ನು ಕುರಿತು ಕೇಳುತ್ತ ಹೋದರು. 2019ರಲ್ಲಿ ಒಂಬತ್ತನೆಯ ಚಿತ್ರವು ಹೊರಬಿದ್ದಾಗ ಆ ಮಕ್ಕಳಿಗೆ 63 ವರ್ಷಗಳಾಗಿದ್ದವು. 2021ರಲ್ಲಿ ಆಪ್ಟೆಡ್‌ರವರು ದಿವಂಗತರಾದರು.

ಹುಟ್ಟಿದ ವರ್ಗದ ಬಲವು ಸುಳ್ಳಾಗಲಿಲ್ಲ. ಮುಂದೆ ತಾವು ಯಾವ ಶಾಲೆಗೆ, ಯಾವ ವಿಶ್ವವಿದ್ಯಾಲಯಕ್ಕೆ ಹೋಗುವೆವೆಂಬದನ್ನು ಏಳನೆಯ ವಯಸ್ಸಿನಲ್ಲಿಯೇ ಹೇಳಿದ್ದ ಸಿರಿವಂತ ಬಾಲಕರಲ್ಲಿ ಇಬ್ಬರು ವಕೀಲರಾದರು. ಆದರೆ ರೈತನ ಮಗನು ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನವನ್ನು ಓದಿ, ಅಮೇರಿಕೆಯಲ್ಲಿ ಅಧ್ಯಾಪಕನಾದನು. ಆಶ್ರಯಧಾಮದಲ್ಲಿ ಬೆಳೆದವರಲ್ಲೊಬ್ಬರು ತಮ್ಮ ಪತ್ನಿಯೊಡನೆ, ನೆಲೆಯಿಲ್ಲದ ಅನೇಕ ಮಕ್ಕಳಿಗೆ ತಮ್ಮ ಮನೆಯಲ್ಲಿ ಆಶ್ರಯಕೊಟ್ಟು ಸಲಹಿದರು. ಏಳನೆಯ ವಯಸ್ಸಿನಲ್ಲಿ ನಗುನಗುತ್ತ ಕುಣಿದಾಡುತ್ತಿದ್ದ ಇನ್ನೊಬ್ಬ ಬಾಲಕನು 28ನೆಯ ವಯಸ್ಸಿನಲ್ಲಿ ಮನೆಯಿಲ್ಲದೆ ಸ್ಕಾಟ್‌ಲೆಂಡಿನಲ್ಲಿ ಅಲೆಯುತ್ತಿದ್ದನು. ಆ ದಿನವೇ ಚಿತ್ರವು ಮುಗಿದಿದ್ದರೆ ನೋಡಿದವರೆಲ್ಲ ಅವನ ಕಥೆ ಮುಗಿಯಿತೆನ್ನುತ್ತಿದ್ದರು. ಆದರೆ 42ನೆಯ ವಯಸ್ಸಿಗೆ ಅವನು ಲಂಡನ್ನಿನ ಒಂದು ಸ್ಥಳೀಯ ಪರಿಷತ್ತಿಗೆ ಚುನಾಯಿತ ಸದಸ್ಯನಾಗಿದ್ದನು. ಹಾಗೆಯೇ 21ನೆಯ ವಯಸ್ಸಿನಲ್ಲಿ ಮದುವೆಯೆಂದರೆ ಮುಖ ತಿರುಗಿಸುತ್ತಿದ್ದ ಕನ್ಯೆಯೊಬ್ಬಳು 28ರಲ್ಲಿ ಗಂಡ ಮಕ್ಕಳೊಡನೆ ನೆಮ್ಮದಿಯ ಗೃಹಿಣಿಯಾಗಿ ಕಾಣಿಸಿಕೊಂಡಳು.

ಇನ್ನು ಕೇಳಿದವರ ತಪ್ಪನ್ನು ಹೇಳುವೆನು. ನನಗೆ ಬೇಕಾದ ಪಾಠವು ಅಲ್ಲಿಯೇ ಇರುವದು. ಲಂಡನ್ನಿನ ಪೂರ್ವಭಾಗದ ಬಾಲಕನೊಬ್ಬನು ಕುದುರೆಯ ಸವಾರನಾಗಬೇಕೆಂದಿದ್ದನು. ಅವನಿಗೆ 21 ವರ್ಷವಾದಾಗ, ಇವನು ಮುಂದೆ ಸೆರೆಮನೆಯನ್ನೇ ಸೇರುವನೆಂದು ಆಪ್ಟೆಡ್‌ರವರು ಒಳಗೊಳಗೇ ಎಣಿಸಿ, ಕಳ್ಳಕಾಕರ ಹೆಸರಿಗೆ ಪ್ರಸಿದ್ಧವಾದ ಕೇರಿಗಳಲ್ಲಿ ಅವನನ್ನು ಸುತ್ತಾಡಿಸಿ ಚಿತ್ರ ತೆಗೆದರು. ಅವನೋ ಟ್ಯಾಕ್ಸಿ ನಡೆಯಿಸಿ, ದುಡಿದು, ಸಂಸಾರವನ್ನು ಸಾಗಿಸಿದನು. ತಾವು ಎಡವಿದೆವೆಂದು ಆಪ್ಟೆಡ್‌ರವರೇ ಮುಂದೆ ಒಪ್ಪಿಕೊಂಡರು. 14 ಮಕ್ಕಳಲ್ಲಿ ಹೆಣ್ಣುಮಕ್ಕಳು ನಾಲ್ವರೇ ಇದ್ದುದೂ ಅವರಿಗೆ ಕೊನೆಯ ವರೆಗೆ ಕೊರಗಾಗಿ ಉಳಿಯಿತು. ಆ ನಾಲ್ವರಲ್ಲಿ ಒಬ್ಬಾಕೆಯು 2005ರ ಚಿತ್ರದಲ್ಲಿ, ನೀವು ನನ್ನನ್ನು ನಿಮಗೆ ತೋರಿದಂತೆ ಚಿತ್ರಿಸುವಿರೇ ಹೊರತು ನಾನು ಇದ್ದಂತೆ ಅಲ್ಲವೆಂಬ ಅರ್ಥದ ಮಾತನ್ನು ಅವರ ಎದುರಿಗೇ ಆಡಿದರು. ಆಪ್ಟೆಡ್‌ರವರು ಆ ಭಾಗವನ್ನು ಕತ್ತರಿಸಿ ತೆಗೆಯಲಿಲ್ಲ, ಲೋಕಕ್ಕೆ ತೋರಿಸಿದರು. ಅವರ ದೊಡ್ಡತನವು ಇಲ್ಲಿ ಕಾಣುವದು.

ಮಹನೀಯರೇ, ಬಹುಕಾಲ ಶಾಲಾಮಾಸ್ತರನಾಗಿದ್ದ ನಾನು ಇದನ್ನು ನೋಡಿ ನಾಚಿಕೊಂಡೆನು. ಇವನು ಉದ್ಧಾರವಾಗುವವನಲ್ಲವೆಂದು ಎಷ್ಟು ಬಾಲಕರ ವಿಷಯದಲ್ಲಿ ನಾನು ತೀರ್ಪು ಕೊಟ್ಟಿರುವೆನೋ! ಏಳು ವರ್ಷಗಳ ಮೇಲೆ ಅವರ ಬಾಗಿಲಿಗೆ ಹೋಗಿ, ಈಗ ಹೇಗಿದ್ದೀಯಪ್ಪಾ ಎಂದು ಕೇಳಿದವನು ನಾನಲ್ಲ. ಆಪ್ಟೆಡ್‌ರವರು ಮರಳಿ ಮರಳಿ ಹೋದುದರಿಂದ ತಮ್ಮ ತಪ್ಪನ್ನು ಕಂಡುಕೊಂಡರು. ನಾನು ಹೋಗಲಿಲ್ಲವಾದುದರಿಂದ ನನ್ನ ತಪ್ಪು ನನಗೆ ಗೊತ್ತಾಗದೆಯೇ ಉಳಿಯಿತು.

ಆದುದರಿಂದ ಸಮಿತಿಯವರಲ್ಲಿ ನನ್ನ ಬಿನ್ನಹವು ಇಷ್ಟು. ಹೆಸರು ಪಡೆದವರನ್ನಷ್ಟೇ ಕರೆಯದೆ, ಓದು ಅರ್ಧಕ್ಕೆ ಬಿಟ್ಟು ಹೋದವರನ್ನೂ ಹುಡುಕಿ ಕರೆಯಬೇಕು. ಹೇಳಲೊಲ್ಲದ ಸಂಗತಿಯನ್ನು ಕೆದಕಿ ಕೇಳಬಾರದು; ಆ ಇಂಗ್ಲೆಂಡದ ಮಾಲೆಯಿಂದಲೂ ಕೆಲವರು ನಡುನಡುವೆ ಹಿಂದೆ ಸರಿದಿದ್ದರು, ಅದು ಅವರ ಹಕ್ಕು. ಚಿತ್ರವನ್ನು ಮೊದಲು ಅವರಿಗೇ ತೋರಿಸಿ, ಅವರು ತಪ್ಪೆಂದುದನ್ನು ತಿದ್ದಬೇಕು. ಎಲ್ಲಕ್ಕೂ ಮಿಗಿಲಾಗಿ, ಈ ಮಹೋತ್ಸವದೊಡನೆ ಕೆಲಸವನ್ನು ಮುಗಿಸದೆ, ಏಳು ವರ್ಷಗಳ ಮೇಲೆ ಮತ್ತೆ ಅವರ ಬಳಿಗೆ ಹೋಗಬೇಕು. ಆಗ ಪ್ರಶ್ನೆ ಕೇಳಲು ನಾನು ಇಲ್ಲದಿರಬಹುದು. ಪ್ರಸಾದನಿಲಯದ ಇಂದಿನ ಬಾಲಕರಲ್ಲೊಬ್ಬನು ಕೇಳಲಿ.